ಸವೀಲಿ ಅಂತಲೇ ಕೊಳ್ಳುವ ಟೈರು

ಡೆಟ್ರಾಯಿಟ್ ಹತ್ತಿರದ ಒಂದು ಖಾಲಿ ಪಾರ್ಕಿಂಗ್ ಜಾಗ, 2017ರ ಒಂದು ಭಾನುವಾರ ಬೆಳಗ್ಗೆ. ನನ್ನ ಪಕ್ಕದಲ್ಲಿ ಕಾರು ನಿಲ್ಲಿಸಿದ್ದವನು ಡಿಕ್ಕಿಯಿಂದ ಔಷಧಿ ಹೊಡೆಯುವ ಕ್ಯಾನು ಹೊರಗೆ ತೆಗೆದ. ನಮ್ಮ ತಿಪಟೂರು ಕಡೆ ಟೊಮ್ಯಾಟೊ ಗಿಡಕ್ಕೆ ಹೊಡೀತಾರಲ್ಲ, ಪಂಪ್ ಒತ್ತಿ ಒತ್ತಿ, ಥೇಟ್ ಅದೇ. ಇಲ್ಲಿ ಯಾವ ಬೆಳೆ ಇದೆಯಪ್ಪಾ ಅಂತ ನೋಡ್ತಾ ನಿಂತೆ. ಅವನು ಮಂಡಿಯೂರಿ ಕೂತು ಟೈರುಗಳಿಗೆ ನೀರು ಸಿಂಪಡಿಸೋಕೆ ಶುರು ಮಾಡಿದ! ಒಂದೇ ಕಾರನ್ನು ಇಬ್ಬರು ಒಬ್ಬರ ಹಿಂದೊಬ್ಬರು ಓಡಿಸಿದರೆ ಟೈರು ಆರೋದಕ್ಕೆ ಸಮಯ ಸಿಗೋದಿಲ್ಲ. ರಬ್ಬರು ಅತಿಯಾಗಿ ಕಾದರೆ ಹಿಡಿತ ಬಿಡುತ್ತೆ. ಅದಕ್ಕೇ ಈ ಉಪಚಾರ.

ಇದು ಆಟೋಕ್ರಾಸ್. ನಮ್ಮಲ್ಲಿ ಈ ಹೆಸರಿನ ಸ್ಪರ್ಧೆ ಹೆಚ್ಚಾಗಿ ಮಣ್ಣಿನ ಮೇಲೆ ನಡೆಯುತ್ತೆ, ಅಮೆರಿಕದಲ್ಲಿ ಡಾಂಬರು ಇಲ್ಲವೇ ಕಾಂಕ್ರೀಟಿನ ಮೇಲೆ. ಕೋನ್‌ಗಳನ್ನು ಜೋಡಿಸಿ ಅಂಕುಡೊಂಕು ದಾರಿ ಮಾಡ್ತಾರೆ. ಕಾರುಗಳು ಒಂದೊಂದಾಗಿ ಓಡಬೇಕು, ಸಮಯ ಬರ್ಕೋತಾರೆ. ಒಂದು ಓಟ ಹೆಚ್ಚುಕಡಿಮೆ ಒಂದು ನಿಮಿಷ. ಒಂದು ಕೋನ್ ಬೀಳಿಸಿದರೆ ಎರಡು ಸೆಕೆಂಡ್ ದಂಡ. ರೇಸ್ ಕಾರು ಬೇಕಿಲ್ಲ, ಆಫೀಸಿಗೆ ಹೋಗುವ ಕಾರೇ ಸಾಕು. ಪ್ರಾಜೆಕ್ಟ್ ಮೇಲೆ ಅಲ್ಲಿಗೆ ಹೋಗಿದ್ದ ನನ್ನ ಹತ್ತಿರ ಹಳೇ ಹೋಂಡಾ ಫಿಟ್ ಇತ್ತು. ನಮ್ಮಲ್ಲಿ ಜಾಜ್ ಅಂತ ಮಾರ್ತಿದ್ದರಲ್ಲ, ಅದೇ.

ಮೊದಲ ದಿನವೇ ನನ್ನ ವಿಭಾಗದಲ್ಲಿ ಕೊನೆಯವನಾದೆ. ಇಂಜಿನಿಯರ್ ಅಲ್ವೇ, ತಪ್ಪು ನನ್ನದಲ್ಲ, ಟೈರಿನದು ಅಂತ ತಕ್ಷಣ ತೀರ್ಮಾನಿಸಿದೆ. ಗೆದ್ದವರ ಟೈರಿನ ಪಕ್ಕೆಯ ಮೇಲೆ ‘ಟ್ರೆಡ್‌ವೇರ್ 200’ ಅಂತ ಅಚ್ಚಾಗಿತ್ತು. ನನ್ನದರ ಮೇಲೆ ಅದರ ಎರಡರಷ್ಟಕ್ಕಿಂತ ದೊಡ್ಡ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ರಬ್ಬರು ಮೆತ್ತಗೆ, ಹಿಡಿತ ಜಾಸ್ತಿ, ಆಯಸ್ಸು ಕಡಿಮೆ ಅಂತ ಲೆಕ್ಕ. ಒಂದು ಸೆಟ್ಟಿಗೆ ಆರುನೂರು ಡಾಲರ್, ಆಗಿನ ದರದಲ್ಲಿ ನಲವತ್ತು ಸಾವಿರ ರೂಪಾಯಿ ಹತ್ತಿರ. ಅದೇ ವಾರ ಊರಿಂದ ಫೋನು. ಟ್ರಾಕ್ಟರಿನ ಹಿಂದಿನ ದೊಡ್ಡ ಟೈರು ಒಡೆದಿದೆ, ಇನ್ನು ರೀಟ್ರೆಡ್ ಮಾಡಿಸೋ ಹಾಗೂ ಇಲ್ಲ. ಮಾತಿನ ನಡುವೆ ನನ್ನ ಟೈರಿನ ವಿಷಯವೂ ಬಾಯಿಗೆ ಬಂತು.

“ಎಷ್ಟು ವರ್ಷ ಬತ್ತದ್ಲಾ ಅದು?”

“ಒಂದು ವರ್ಷ ಬಂದ್ರೆ ಹೆಚ್ಚು ಕಣಪ್ಪ. ಬೇಗ ಸವೀತದೆ, ಅದಕ್ಕೇ ಹಿಡಿತ ಜಾಸ್ತಿ.”

“ಸವೀಲಿ ಅಂತ ಯಾರಾದ್ರೂ ದುಡ್ಡು ಕೊಟ್ಟು ತಗೋತಾರೇನ್ಲಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದರೆ, ಟೈರಿನ ಇತಿಹಾಸದ ಉದ್ದಕ್ಕೂ ಅಪ್ಪನ ಪ್ರಶ್ನೆಯೇ ಬೇರೆ ಬೇರೆ ರೂಪದಲ್ಲಿ ಎದುರಾಯಿತು.

ಮೊದಲ ಕಥೆ ಬೆಲ್‌ಫಾಸ್ಟ್‌ನದು. ಜಾನ್ ಬಾಯ್ಡ್ ಡನ್‌ಲಪ್ ಅಲ್ಲಿ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ಲಿಗೆ 1887ರಲ್ಲಿ ಗಾಳಿ ತುಂಬಿದ ಟೈರು ಮಾಡಿದ, ಮರುವರ್ಷ ಪೇಟೆಂಟ್ ಪಡೆದ. ಅದಕ್ಕೂ ನಲವತ್ತು ವರ್ಷ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಇದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದ ಅನ್ನೋದು ಆಮೇಲೆ ಹೊರಬಿದ್ದು ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಅದಿರಲಿ. 1889ರ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸ್ಥಳೀಯ ಸವಾರ ಈ ಉಬ್ಬಿದ ಟೈರಿನ ಸೈಕಲ್ ಹತ್ತಿ ಬೆಲ್‌ಫಾಸ್ಟ್‌ನ ಕಾಲೇಜು ಮೈದಾನಕ್ಕೆ ಬಂದ. ಮಿಕ್ಕವರದ್ದೆಲ್ಲ ಗಟ್ಟಿ ರಬ್ಬರಿನ ಚಕ್ರ. ಒಂದರ ಹಿಂದೊಂದು ಓಟ ಅವನ ಪಾಲಾಯಿತು. ಕಾಲಿನ ಬಲ ಅಷ್ಟೇ ಇದ್ದರೂ ಅಂಗಡಿಯಿಂದ ವೇಗ ತರಬಹುದು ಅಂತ ಅವತ್ತೇ ಗೊತ್ತಾಯಿತು. ಹವ್ಯಾಸಿಗಳ ತಲೆನೋವು ಶುರುವಾದದ್ದೂ ಅಲ್ಲಿಂದಲೇ.

ಎರಡನೇ ಕಥೆಯಲ್ಲಿ ಬರೋದು ಸಣ್ಣ ಕಾರು, ಮಿನಿ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1959ರಲ್ಲಿ ಹೊರಬಂದಾಗ ಅದರ ಚಕ್ರ ಬರೀ 10 ಇಂಚು. ಅದಕ್ಕೆಂದೇ ಡನ್‌ಲಪ್ ಕಂಪನಿ ಹೊಸ ಅಳತೆಯ ಟೈರು ಮಾಡಿಕೊಡಬೇಕಾಯಿತು. ಇದೇ ಪುಟಾಣಿ ಕಾರು 1964, 1965ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಿತು. ಆ ರ‍್ಯಾಲಿಯ ದಾರಿಯಲ್ಲಿ ಒಂದು ತಿರುವಿನಲ್ಲಿ ಹಿಮ, ಮುಂದಿನದರಲ್ಲಿ ಒಣ ರಸ್ತೆ. ಹಾಗಾಗಿ ಟೈರಿನ ಆಯ್ಕೆಯೇ ಅರ್ಧ ಗೆಲುವು. ಫ್ಯಾಕ್ಟರಿ ತಂಡಗಳು ನೂರಾರು ಟೈರುಗಳನ್ನು ಸಾಗಿಸಿ ದಾರಿಯುದ್ದಕ್ಕೂ ಪೇರಿಸಿಡುತ್ತಿದ್ದವು. ಸ್ವಂತ ದುಡ್ಡಲ್ಲಿ ಬಂದವನ ಗತಿ? 1967ರಲ್ಲಿ ಸಂಘಟಕರು ಹೊಸ ನಿಯಮ ತಂದರು: ಎಂಟೇ ಟೈರು ಇಟ್ಕೊಂಡು ಓಡಿ, ಇಲ್ಲಾಂದ್ರೆ ಸಮಯದ ದಂಡ ತೆರಿ. ಆ ವರ್ಷ ಎಂಟು ಟೈರಿನ ಮಿನಿಯಲ್ಲಿ ರೌನೋ ಆಲ್ಟೊನೆನ್ ಗೆದ್ದ, ಬರೀ 13 ಸೆಕೆಂಡ್ ಅಂತರದಲ್ಲಿ. ಆದರೆ ಸ್ವಂತ ದುಡ್ಡಿನವನು ಆಗಲೂ ಗೆಲ್ಲಲಿಲ್ಲ ಅನ್ನೋದನ್ನ ಗಮನಿಸಿ. ಗೆದ್ದದ್ದು ಫ್ಯಾಕ್ಟರಿಯ ಕಾರೇ.

ಈಗ ಮತ್ತೆ ಅಮೆರಿಕಕ್ಕೆ. ಅಲ್ಲಿನ ಹವ್ಯಾಸಿ ಕಾರು ಓಟಗಾರರ ದೊಡ್ಡ ಸಂಸ್ಥೆ ಎಸ್‌ಸಿಸಿಎ, ಅಂದ್ರೆ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಶುರುವಾದದ್ದು 1944ರಲ್ಲಿ. 1952ರಿಂದ ಎರಡು ವರ್ಷ ಜನರಲ್ ಕರ್ಟಿಸ್ ಲಿಮೇ ತನ್ನ ಬಾಂಬರ್ ವಿಮಾನಗಳ ನೆಲೆಗಳನ್ನೇ ರೇಸಿಗೆ ಬಿಟ್ಟುಕೊಟ್ಟಿದ್ದ. ಅಗಲವಾದ ಕಾಂಕ್ರೀಟ್ ನೆಲ, ಗುದ್ದಿಕೊಳ್ಳೋಕೆ ಮರವಿಲ್ಲ, ಗೋಡೆಯಿಲ್ಲ. ಇವತ್ತಿಗೂ ಆಟೋಕ್ರಾಸ್ ನಡೆಯೋದು ಇಂಥ ವಿಮಾನ ನೆಲೆಗಳಲ್ಲಿ, ಪಾರ್ಕಿಂಗ್ ಜಾಗಗಳಲ್ಲಿ.

ಇದರಲ್ಲಿ ಬಡವನಿಗೆಂದು ಇದ್ದ ವಿಭಾಗ ‘ಸ್ಟಾಕ್’: ಕಾರು ಶೋರೂಮಿನಿಂದ ಬಂದ ಹಾಗೇ ಇರಬೇಕು. ಆದರೆ ಟೈರಿಗೆ ಮಾತ್ರ ಸಡಿಲ, ರಸ್ತೆಗೆ ಯೋಗ್ಯ ಎಂಬ ‘ಡಿಒಟಿ’ ಗುರುತಿದ್ದರೆ ಸಾಕು. ಟೈರು ಕಂಪನಿಗಳಿಗೆ ಅಷ್ಟು ಸಂದು ಸಿಕ್ಕರೆ ಸಾಲದೇ? ನುಣ್ಣನೆಯ ರೇಸಿಂಗ್ ಟೈರಿಗೆ ಒಂದೆರಡು ಗೆರೆ ಕೊರೆದು ಆ ಗುರುತು ಒತ್ತಿದರು. ಬಾಬ್ ನ್ಯೂಟನ್ ಎಂಬ ಓಟಗಾರ 1957ರಲ್ಲಿ ಇಂಡಿಯಾನಾದಲ್ಲಿ ಶುರು ಮಾಡಿದ ಹೂಸಿಯರ್ ಕಂಪನಿಯಂತೂ ಎರಡು ಥರದ ರಬ್ಬರು ಕೊಡ್ತಿತ್ತು. ಉದ್ದ ಓಟಕ್ಕೆ ‘ಆರ್’, ಆಟೋಕ್ರಾಸಿಗೆ ‘ಎ’. ಒಂದು ನಿಮಿಷದ ಓಟದಲ್ಲಿ ಟೈರು ಮೊದಲ ತಿರುವಿಗೇ ಕಾದು ಅಂಟಬೇಕಲ್ಲ, ಆದ್ದರಿಂದ ‘ಎ’ ಇನ್ನೂ ಮೆತ್ತಗೆ. ಪ್ರತಿ ಓಟಕ್ಕೂ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಟ್ರೆಡ್ ಉಳಿದಿದ್ದರೂ ರಬ್ಬರು ಗಟ್ಟಿಯಾಗಿ ಹಿಡಿತ ಹೋಗುತ್ತೆ. ಮನೆಯಿಂದ ಮಾಮೂಲಿ ಟೈರಲ್ಲಿ ಬಂದು, ಹಿಂದೆ ಪುಟ್ಟ ಟ್ರೇಲರಿನಲ್ಲಿ ಎಳೆದು ತಂದ ರೇಸ್ ಟೈರು ಬದಲಿಸೋದು ರೂಢಿಯಾಯಿತು. ಕಾರು ಸ್ಟಾಕ್, ಖರ್ಚು ಮಾತ್ರ ಸ್ಟಾಕ್ ಅಲ್ಲ.

2014ರಲ್ಲಿ ಎಸ್‌ಸಿಸಿಎ ಆ ವಿಭಾಗವನ್ನು ‘ಸ್ಟ್ರೀಟ್’ ಎಂದು ಬದಲಿಸಿ ಇಂಥ ಟೈರುಗಳನ್ನು ಹೊರಗಿಟ್ಟಿತು. ಟ್ರೆಡ್‌ವೇರ್ ಸಂಖ್ಯೆ ಇಷ್ಟಕ್ಕಿಂತ ಕಡಿಮೆ ಇರಕೂಡದು ಅಂತ ಮಿತಿ ಹಾಕಿತು. ಸ್ವಲ್ಪ ಕಾಲದಲ್ಲೇ ಆ ಮಿತಿ 200ಕ್ಕೆ ಬಂದು ನಿಂತಿತು.

ಆ ಸಂಖ್ಯೆ ಎಲ್ಲಿಂದ ಬಂತು? ಗ್ರಾಹಕರಿಗೆ ಟೈರಿನ ಗುಣಮಟ್ಟ ತಿಳಿಯಬೇಕು ಅಂತ ಅಮೆರಿಕದ 1966ರ ವಾಹನ ಸುರಕ್ಷತಾ ಕಾಯ್ದೆ ಹೇಳಿತ್ತು. 1970ರ ದಶಕದ ಕೊನೆಗೆ ಜಾರಿಯಾದ ಆ ಪದ್ಧತಿಯಲ್ಲಿ ಪರೀಕ್ಷೆ ನಡೆಯೋದು ಟೆಕ್ಸಾಸ್‌ನ ಸ್ಯಾನ್ ಆ್ಯಂಜಲೋ ಸುತ್ತಲಿನ ಸಾರ್ವಜನಿಕ ರಸ್ತೆಯಲ್ಲಿ. ಒಂದು ಸುತ್ತು 400 ಮೈಲಿ, ಒಟ್ಟು 7,200 ಮೈಲಿ. ಜೊತೆಗೊಂದು ಮಾನಕ ಟೈರನ್ನೂ ಓಡಿಸಿ, ಎಷ್ಟು ಸವೆಯಿತು ಅಂತ ಹೋಲಿಸ್ತಾರೆ. 100ರ ಟೈರಿಗಿಂತ 200ರದ್ದು ಎರಡು ಪಟ್ಟು ಬಾಳಿಕೆ ಬರಬೇಕು. ಸಂಖ್ಯೆ ಕೊಡೋದು ಸರ್ಕಾರವಲ್ಲ, ತಯಾರಕರೇ. ಫಲಿತಾಂಶಗಳನ್ನು ನೆಚ್ಚೋ ಹಾಗಿಲ್ಲ ಅಂತ 1983ರಲ್ಲಿ ಸರ್ಕಾರಿ ಇಲಾಖೆಯೇ ಇದನ್ನು ಅಮಾನತಿನಲ್ಲಿಟ್ಟಿತ್ತು, ಮರುವರ್ಷ ನ್ಯಾಯಾಲಯ ಆ ಆದೇಶ ರದ್ದು ಮಾಡಿತು. ಅಂದ್ರೆ ಇದು ಮನೆ ಮಕ್ಕಳನ್ನು ಸ್ಕೂಲಿಗೆ ಬಿಡುವವರಿಗೆಂದು ಮಾಡಿದ ಅಳತೆ. ಅದನ್ನೇ ಓಟಗಾರರು ಬೇಲಿ ಮಾಡಿಕೊಂಡರು.

ಬೇಲಿ ಕಂಡ ಕೂಡಲೇ ಕಂಪನಿಗಳು ಅದಕ್ಕೆ ತಾಗಿಕೊಂಡೇ ನಿಂತವು. 2015ರ ಹೊತ್ತಿಗೆ ಬ್ರಿಡ್ಜ್‌ಸ್ಟೋನ್‌ನ ಆರ್‌ಇ-71ಆರ್, ಬಿಎಫ್‌ಗುಡ್‌ರಿಚ್‌ನ ರೈವಲ್ ಎಸ್ ಥರದ ಟೈರುಗಳು ಬಂದವು. ಎಲ್ಲದರ ಮೇಲೂ ಸರಿಯಾಗಿ 200! ಟೆಕ್ಸಾಸ್ ರಸ್ತೆಯಲ್ಲಿ ಸಮಾಧಾನವಾಗಿ ಓಡಿದರೆ ಅದು 200 ಇರಬಹುದು, ಕೋನ್‌ಗಳ ನಡುವೆ ಅಲ್ಲ. ನಾವು ಐಟಿಯವರಿಗೆ ಇದು ಹೊಸದಲ್ಲ. ಎಷ್ಟು ಟಿಕೆಟ್ ಕ್ಲೋಸ್ ಮಾಡಿದೆ ಅಂತ ಅಪ್ರೈಸಲ್‌ನಲ್ಲಿ ಅಳೆಯಲಿ ನೋಡಿ, ಮರುದಿನದಿಂದ ಒಂದು ಕೆಲಸಕ್ಕೆ ಐದು ಟಿಕೆಟ್. ಹಾಗಂತ ನಿಯಮ ದಂಡವಾಯಿತು ಅನ್ನಲಾರೆ. ಅದೇ ಟೈರಲ್ಲಿ ಮನೆಗೂ ಹೋಗಬಹುದು, ಟ್ರೇಲರ್ ಬೇಡ, ನನ್ನಂಥವನೂ ಸಾಲಿನಲ್ಲಿ ನಿಲ್ಲಬಹುದು. ಓಟ ಸಮ ಆಗಲಿಲ್ಲ, ಬಾಗಿಲು ಮಾತ್ರ ಮುಚ್ಚಲಿಲ್ಲ.

ನಾನೇನು ಮಾಡಿದೆ? ಔಷಧಿ ಕ್ಯಾನಿನವನನ್ನೇ ಕೇಳಿದೆ. “ಮೊದಲ ವರ್ಷ ಇರೋ ಟೈರಲ್ಲೇ ಓಡಿಸು” ಅಂದ. ಗಟ್ಟಿ ಟೈರು ಜಾರುವ ಮೊದಲು ಕಿರುಚುತ್ತೆ, ನಿನ್ನ ತಪ್ಪು ನಿನಗೇ ಕೇಳಿಸುತ್ತೆ. ಮೆತ್ತಗಿನದು ತಪ್ಪನ್ನು ಮುಚ್ಚಿಹಾಕುತ್ತೆ. ದುಡ್ಡು ಊರಿಗೆ ಹೋಯಿತು, ಟ್ರಾಕ್ಟರಿಗೆ ಹೊಸ ಟೈರು ಬಂತು.

ಆ ವರ್ಷವೆಲ್ಲ ಕಿರುಚಾಟ ಕೇಳಿಸ್ಕೊಂಡೆ. ಸಣ್ಣ ಫ್ರಂಟ್‌ವೀಲ್ ಕಾರಿನಲ್ಲಿ ಎಳೆಯೋದು, ತಿರುಗೋದು, ಹೆಚ್ಚಿನ ಬ್ರೇಕು, ಎಲ್ಲ ಮುಂದಿನ ಎರಡು ಟೈರಿನ ಹೆಗಲಿಗೇ. ಹಾಗಾಗಿ ಆ ಹೆಗಲಿಗೆ ಸೀಮೆಸುಣ್ಣ ಗೀಚಿ, ಒಂದು ಓಟ ಓಡಿ, ಎಲ್ಲಿವರೆಗೆ ಅಳಿಸಿದೆ ಅಂತ ನೋಡಿ ಗಾಳಿ ಹೆಚ್ಚುಕಡಿಮೆ ಮಾಡೋದು ಕಲಿತೆ. ತಿರುವಿಗೆ ಬೇಗ ನುಗ್ಗೋದೇ ನನ್ನ ರೋಗ ಅಂತಲೂ ಗೊತ್ತಾಯಿತು. ವರ್ಷದ ಕೊನೆಗೆ ಕೊನೆಯ ಸ್ಥಾನದಿಂದ ಮಧ್ಯಕ್ಕೆ ಬಂದೆ, ಅದೇ ಟೈರಲ್ಲಿ.

ಮರುವರ್ಷ 15 ಇಂಚಿನ ರಿಮ್ಮಿಗೆ 195/50 ಅಳತೆಯ 200ರ ಟೈರು ಹಾಕಿಸಿದೆ. ನಿಮಿಷಕ್ಕೆ ಒಂದೆರಡು ಸೆಕೆಂಡ್ ಇಳಿಯಿತು. ದುಡ್ಡು ಕೊಟ್ಟು ತಂದ ಸೆಕೆಂಡ್‌ಗಳು ಅವು. ಅದಕ್ಕೂ ಮೊದಲು ಇಳಿದವು ಮಾತ್ರ ನನ್ನವು. ಆ ಲೆಕ್ಕ ಇಟ್ಟುಕೊಂಡಿದ್ದೇನೆ.

ಅಪ್ಪನ ಟ್ರಾಕ್ಟರಿನ ಟೈರು ಇನ್ನೂ ಓಡ್ತಿದೆ. ನಾನು ಅಲ್ಲಿಂದ ವಾಪಸ್ ಬರೋ ಹೊತ್ತಿಗೆ ಮೂರನೇ ಸೆಟ್ಟು ಸವೆಸ್ತಿದ್ದೆ. ಅಪ್ಪನಿಗೆ ಹೇಳಿಲ್ಲ.