1824: ಕಿತ್ತೂರಿನ ಗುರಿ, ಪ್ಯಾರಿಸ್ಸಿನ ಪಾರಿವಾಳ

ಇಯರ್‌ಫೋನ್ ಹಾಕ್ಕೊಂಡು ನಡೀತಾ ಕೇಳ್ತಿದ್ದೀರಾ? ಹಾಗಾದರೆ ಇವತ್ತಿನ ಇತಿಹಾಸ ನಿಮ್ಮ ಕಾಲಿನದ್ದೂ ಹೌದು.

1824ರ ಅಕ್ಟೋಬರ್ 23. ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. ಗುಂಡು ಹೊಡೆದವನು ಬೈಲಹೊಂಗಲ ಸೀಮೆಯ ಅಮಟೂರು ಬಾಳಪ್ಪ ಅಂತ ನಮ್ಮ ಕಡೆ ಹೇಳ್ತಾರೆ. ಶೌರ್ಯದ ಕಥೆಯಾಗಿ ಇದನ್ನ ನೂರು ಸಲ ಕೇಳಿದ್ದೀವಿ. ನನ್ನ ಕುತೂಹಲ ಇರೋದು ಆ ಕೈ ಬಗ್ಗೆ. ಅಷ್ಟು ಗದ್ದಲದಲ್ಲಿ ಬಂದೂಕು ಹಿಡಿದ ಕೈ ಅಲುಗದಂತೆ ನೋಡಿಕೊಂಡದ್ದು ಯಾರು?

ಅದೇ 1824ರಲ್ಲಿ ಪ್ಯಾರಿಸ್‌ನ ಪಿಯರ್ ಫ್ಲೂರಾನ್ಸ್ ತನ್ನ ಪ್ರಯೋಗಗಳ ಪುಸ್ತಕ ಪ್ರಕಟಿಸಿದ. ಪಾರಿವಾಳಗಳ ಕಿರುಮೆದುಳು, ಅಂದ್ರೆ ತಲೆಯ ಹಿಂಭಾಗದ ಕೆಳಗಿರೋ ಪುಟ್ಟ ಮೆದುಳನ್ನ, ಆತ ತೆಗೆದು ನೋಡಿದ್ದ. ಕ್ರೂರ ಕೆಲಸವೇ. ಹಕ್ಕಿಗೆ ಕಣ್ಣು ಕಾಣ್ತಿತ್ತು, ಕಿವಿ ಕೇಳ್ತಿತ್ತು, ಹಾರಬೇಕೆಂಬ ಆಸೆಯೂ ಇತ್ತು. ಆದರೆ ನೆಟ್ಟಗೆ ನಿಲ್ಲೋಕೂ ಆಗ್ತಿರಲಿಲ್ಲ. ಶಕ್ತಿ ಇತ್ತು, ಹೊಂದಾಣಿಕೆ ಇರಲಿಲ್ಲ.

ಮನುಷ್ಯರಲ್ಲಿ ಇದನ್ನ ಸ್ಪಷ್ಟವಾಗಿ ತೋರಿಸಿದ್ದು ಮೊದಲ ಮಹಾಯುದ್ಧ. ಕಿರುಮೆದುಳಿಗೆ ಗುಂಡು ತಗುಲಿದ ಸೈನಿಕರನ್ನ ಪರೀಕ್ಷಿಸಿ ಗಾರ್ಡನ್ ಹೋಮ್ಸ್ 1917ರಲ್ಲಿ ಬರೆದ. ಮುಂದೆ ಆತ ದಾಖಲಿಸಿದ ಒಬ್ಬ ರೋಗಿಯ ಮಾತು ನನಗೆ ಮರೆಯೋಕಾಗಲ್ಲ: ಎಡಗೈ ತಾನಾಗೇ ಕೆಲಸ ಮಾಡುತ್ತೆ, ಬಲಗೈಯ ಪ್ರತಿ ಚಲನೆಯನ್ನೂ ಯೋಚಿಸಿ ಮಾಡಬೇಕು.

ಈಗ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬರ್ರಿ. ತಲೆ ಮೇಲೆ ಕೊಡ ಹೊತ್ತು ಕುಣಿಯೋ ಜೋಗತಿಯರನ್ನ ನೋಡಿರ್ತೀರಿ. ಕೊಡ ಕೂದಲೆಳೆಯಷ್ಟು ವಾಲಿದರೂ ಕಣ್ಣು, ಒಳಕಿವಿ, ಸ್ನಾಯುಗಳಿಂದ ಕಿರುಮೆದುಳಿಗೆ ಸುದ್ದಿ ಮುಟ್ಟುತ್ತೆ. ‘ಮಾಡಬೇಕಾದದ್ದು’ ಮತ್ತು ‘ಆಗುತ್ತಿರೋದು’ ಎರಡನ್ನೂ ಅದು ಹೋಲಿಸಿ, ನಮಗೆ ಗೊತ್ತಾಗೋ ಮೊದಲೇ ತಿದ್ದುತ್ತೆ. ಮದ್ಯ ಹೊಡೆಯೋದೂ ಇದನ್ನೇ. ಹಾಗಾಗಿ ಕಿರುಮೆದುಳಿನ ಕಾಯಿಲೆ ಇದ್ದವರು ತೂರಾಡಿದರೆ ಊರು ‘ಕುಡದಾನ’ ಅಂದುಬಿಡುತ್ತೆ. ಒಂದು ಹನಿ ಮುಟ್ಟದವರೂ ಈ ಮಾತು ಕೇಳಬೇಕಾಗುತ್ತೆ.

ರಾಮದುರ್ಗದ ಕೈಮಗ್ಗದಲ್ಲಿ ಕಾಣೋದು ಇನ್ನೊಂದು ಕೌಶಲ. ಕಾಲು ಮಣೆ ತುಳಿಯುತ್ತೆ, ಕೈ ಲಾಳಿ ಓಡಿಸುತ್ತೆ, ನೇಕಾರರು ಆರಾಮಾಗಿ ಮಾತಾಡ್ತಿರ್ತಾರೆ. ಹೀಗೆ ಅಭ್ಯಾಸವಾದ ಚಲನೆಗಳಿಗೆ ಮೆದುಳಿನ ಆಳದಲ್ಲಿರುವ ನರಕೋಶದ ಗುಂಪುಗಳು ಬೇಕು. ಹೆಸರು ಬೇಸಲ್ ಗ್ಯಾಂಗ್ಲಿಯಾ. ಅವು ಒಂದು ರೀತಿ ಬ್ರೇಕ್: ಬೇಡದ ಚಲನೆಗಳನ್ನ ತಡೆದು, ಬೇಕಾದದ್ದಕ್ಕೆ ದಾರಿ ಬಿಡ್ತವೆ. ಬ್ರೇಕ್ ಸಡಿಲಿಸೋಕೆ ಡೋಪಮೈನ್ ಬೇಕು. ಅದನ್ನ ತಯಾರಿಸೋ ಕೋಶಗಳು ಸಾಯ್ತಾ ಹೋದರೆ ಕೈ ನಡುಗುತ್ತೆ, ಮೈ ಬಿಗಿಯುತ್ತೆ, ಹೆಜ್ಜೆ ಚಿಕ್ಕದಾಗುತ್ತೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ರೋಗ ಇದೇ.

ಆಯುರ್ವೇದದಲ್ಲಿ ಕಂಪವಾತ ಅನ್ನೋ ಹೆಸರಿದೆ, ಅದಕ್ಕೆ ನಸುಗುನ್ನಿ ಬೀಜ ಬಳಸ್ತಾರೆ. ಹೌದು, ಮುಟ್ಟಿದರೆ ಮೈಯೆಲ್ಲ ತುರಿಸೋ ಅದೇ ಕಾಯಿ! 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಮದ್ರಾಸಿನಲ್ಲಿ ಅದರ ಬೀಜದಿಂದ ಎಲ್-ಡೋಪಾ ಬೇರ್ಪಡಿಸಿದರು. ಅದು ಮೆದುಳಿನಲ್ಲಿ ಡೋಪಮೈನ್ ಆಗುತ್ತೆ. ಆದರೆ ಡೋಪಮೈನ್‌ಗೂ ಚಲನೆಗೂ ಇರುವ ನಂಟನ್ನ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ತೋರಿಸಿದ್ದು 1950ರ ದಶಕದ ಕೊನೆಗೆ. ಎಲ್-ಡೋಪಾ ಔಷಧಿಯಾಗಿ ನೆಲೆಯೂರಿದ್ದು 1960ರ ದಶಕದಲ್ಲಿ. ಉತ್ತರ ಮದ್ರಾಸಿನ ಸೀಸೆಯಲ್ಲಿತ್ತು, ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ. (ಬೀಜ ಅರೆದು ತಿನ್ನೋಕೆ ಹೋಗಬ್ಯಾಡ್ರಿ. ಪ್ರಮಾಣ ತಪ್ಪಿದರೆ ಕಷ್ಟ.)

ಬೆಂಗಳೂರಿನದೂ ಒಂದು ಅಧ್ಯಾಯ ಇದೆ. ನಿಮ್ಹಾನ್ಸ್‌ನ ಮೊದಲ ನಿರ್ದೇಶಕ ಡಾ. ಆರ್. ಮಾರ್ತಾಂಡ ವರ್ಮಾ ಪಾರ್ಕಿನ್ಸನ್ ರೋಗಿಗಳಿಗಾಗಿ ಒಂದು ವಿಧಾನ ರೂಪಿಸಿದ್ದರು. ಬುರುಡೆ ಕೊರೆಯದೆ, ಅದರ ತಳದ ಸಹಜ ರಂಧ್ರದ ಮೂಲಕ ಸೂಜಿಯಿಂದ ಮೆದುಳಿನ ಆಳ ತಲುಪೋದು. ಈಗ ಅದೇ ಆಳಕ್ಕೆ ತಂತಿ ಇಳಿಸಿ ವಿದ್ಯುತ್ ಕೊಡ್ತಾರೆ.

ನಮ್ಮ ಹಳ್ಳಿಗಳಲ್ಲಿ ಮಾತ್ರ ಅಜ್ಜನ ಕೈ ನಡುಗಿದರೆ ‘ವಯಸ್ಸಾತು’ ಅಂತ ಸುಮ್ಮನಾಗೋದೇ ಜಾಸ್ತಿ. ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ, ನಿಜ. ಆದರೆ ಸುಮ್ಮನೆ ಕೂತಾಗ ಒಂದೇ ಕೈ ನಡುಗ್ತಿದ್ದರೆ, ಅಕ್ಷರ ಸಣ್ಣದಾಗ್ತಿದ್ದರೆ, ನಡೆಯುವಾಗ ಒಂದು ಕೈ ಬೀಸದಿದ್ದರೆ ನರರೋಗ ತಜ್ಞರಿಗೆ ತೋರಿಸ್ರಿ. ಇನ್ನೊಂದು ಸಂಗತಿ: ಈ ರೋಗದಲ್ಲಿ ಕಾಲು ನೆಲಕ್ಕೆ ಅಂಟಿದಂಗಾಗಿ ನಿಂತುಬಿಟ್ಟವರ ಮುಂದೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರೆ, ಎಷ್ಟೋ ಜನ ಅದನ್ನ ದಾಟಿ ನಡೀತಾರೆ. ಕಣ್ಣು ಕೊಟ್ಟ ಸುಳಿವು ಮೆದುಳಿನಲ್ಲಿ ಬೇರೆ ದಾರಿ ಹಿಡಿದು ಕಾಲಿಗೆ ಮುಟ್ಟಿರುತ್ತೆ.