ಎಚ್‌ಐಐಟಿ ಮತ್ತು ಆರೋಗ್ಯ ಪತ್ರಿಕೆಗಳು

ಎಚ್‌ಐಐಟಿ (ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್) ಎಂದರೆ ಅಲ್ಪಾವಧಿಯ ಗರಿಷ್ಠ ಶ್ರಮ ಮತ್ತು ಕಿರು ವಿಶ್ರಾಂತಿಯನ್ನು ಸರದಿಯಂತೆ ಮಾಡುವ ತೀವ್ರ ವ್ಯಾಯಾಮ ಕ್ರಮ. ಜಪಾನಿನ ಇಜುಮಿ ತಬಾಟಾ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಸೆಕೆಂಡು ಸೈಕಲ್ ತುಳಿತ, 10 ಸೆಕೆಂಡು ಬಿಡುವಿನಂತೆ 7–8 ಸುತ್ತುಗಳಿದ್ದವು. ಪತ್ರಿಕೆಗಳು ಇದನ್ನು ‘ನಾಲ್ಕು ನಿಮಿಷದ ವ್ಯಾಯಾಮ’ವಾಗಿ ಜನಪ್ರಿಯಗೊಳಿಸಿದವು. ಆದರೆ ಪ್ರಯೋಗಕ್ಕೊಳಗಾದವರು ದೈಹಿಕ ಶಿಕ್ಷಣದ ಯುವ ವಿದ್ಯಾರ್ಥಿಗಳು; ಅಭ್ಯಾಸ ವಾರಕ್ಕೆ 5 ದಿನದಂತೆ 6 ವಾರ ನಡೆದಿತ್ತು. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜಿನ ಪತ್ರಿಕೆಯ ಸಮೀಕ್ಷೆಗಳಲ್ಲಿ 2014 ಹಾಗೂ 2018ರ ಫಿಟ್‌ನೆಸ್ ಪ್ರವೃತ್ತಿಗಳ ಪೈಕಿ ಎಚ್‌ಐಐಟಿಗೇ ಮೊದಲ ಸ್ಥಾನ.

ಕರ್ನಾಟಕದಲ್ಲಿ ವ್ಯಾಯಾಮದ ಬರಹಕ್ಕೆ ಹಳೆಯ ಪರಂಪರೆಯಿದೆ: ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮ ಶಾಲೆಯ ಕೆ.ವಿ. ಅಯ್ಯರ್ ಸೂರ್ಯನಮಸ್ಕಾರ, ಅಂಗಸಾಧನೆ ಕುರಿತು ಪುಸ್ತಕಗಳನ್ನು ಬರೆದರು. ಎಚ್‌ಐಐಟಿ ಆರಂಭಿಸುವ ಹೊಸಬರಿಗೆ ಮೈ ಬಿಸಿಮಾಡಿಕೊಳ್ಳುವುದು, ಹಂತಹಂತವಾಗಿ ಶ್ರಮ ಹೆಚ್ಚಿಸುವುದು, ಹೃದ್ರೋಗವಿದ್ದರೆ ವೈದ್ಯರ ಸಲಹೆ ಪಡೆಯುವುದು ಅಗತ್ಯ. ಹೊಣೆಯರಿತ ವರದಿ ಇವನ್ನೂ ಹೇಳಬೇಕು.