ಹೆಬ್ಬೆಟ್ಟಿನ ಗೆರೆಗಳೂ ಇಬ್ಬರು ಬಂಗಾಳಿಗಳೂ



ನಮ್ಮ ಕಡೆ ‘ಹೆಬ್ಬೆಟ್ಟು’ ಎಂಬ ಮಾತಿಗೆ ಅಕ್ಷರ ಬಾರದವನು ಎಂಬ ತಾತ್ಸಾರದ ಅರ್ಥವೊಂದು ಅಂಟಿಕೊಂಡಿದೆ. ಮೇಷ್ಟ್ರಾಗಿದ್ದ ನನಗೆ ಆ ತಾತ್ಸಾರ ಎಂದೂ ಹಿಡಿಸಿದ್ದಿಲ್ಲ. ಸಹಿಯನ್ನು ಯಾರು ಬೇಕಾದರೂ ಅನುಕರಿಸಬಹುದು. ಬೆರಳಿನ ಗೆರೆಗಳನ್ನು ಅನುಕರಿಸುವುದು ಅಷ್ಟು ಸುಲಭವಲ್ಲ. ಈ ಗೆರೆಗಳು ಜಗತ್ತಿನ ಪೊಲೀಸ್ ವ್ಯವಸ್ಥೆಯನ್ನೇ ಬದಲಿಸಿದ ಕಥೆಯ ಮುಖ್ಯ ಅಧ್ಯಾಯ ನಡೆದದ್ದು ಲಂಡನ್ನಿನಲ್ಲಲ್ಲ, ಕಲ್ಕತ್ತೆಯಲ್ಲಿ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಗೆ ಸಾಮಗ್ರಿ ಪೂರೈಸಬೇಕಾಗಿದ್ದ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಮುದ್ರೆಯನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ಮಾತು ತಪ್ಪದಿರಲೆಂಬ ಎಚ್ಚರಿಕೆ ಅದು. 1877ರ ವೇಳೆಗೆ ಹೂಗ್ಲಿ ಜಿಲ್ಲೆಯಲ್ಲಿ ಪಿಂಚಣಿ, ಪತ್ರ ನೋಂದಣಿ, ಸೆರೆಮನೆ ಇವುಗಳಲ್ಲೆಲ್ಲ ಆತ ಬೆರಳಚ್ಚನ್ನು ಬಳಕೆಗೆ ತಂದ. ಟೋಕಿಯೋದಲ್ಲಿದ್ದ ವೈದ್ಯ ಹೆನ್ರಿ ಫಾಲ್ಡ್ಸ್ 1880ರಲ್ಲಿ, ಅಪರಾಧಿಗಳ ಪತ್ತೆಗೂ ಇದು ನೆರವಾದೀತೆಂದು ಬರೆದ. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಈ ವಿಷಯದ ಮೇಲೆ ಗ್ರಂಥವನ್ನೇ ರಚಿಸಿದ.

ಆದರೆ ದೊಡ್ಡ ತೊಡಕೊಂದು ಉಳಿದಿತ್ತು. ಸಾವಿರಾರು ಬೆರಳಚ್ಚುಗಳ ರಾಶಿಯಲ್ಲಿ ಬೇಕಾದ ಒಂದನ್ನು ಹುಡುಕುವುದೆಂತು? ಅಕಾರಾದಿಯಿಲ್ಲದ ನಿಘಂಟಿನಲ್ಲಿ ಪದ ಹುಡುಕಿದಂತೆಯೇ ಸರಿ. ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಕಚೇರಿಯಲ್ಲಿ ಈ ಗಂಟನ್ನು ಬಿಡಿಸಿದವರು ಗಣಿತ ಬಲ್ಲ ತರುಣ ಅಜೀಜುಲ್ ಹಕ್ ಮತ್ತು ಆತನ ಸಹೋದ್ಯೋಗಿ ಹೇಮಚಂದ್ರ ಬೋಸ್.

ಅವರ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದಂತೆ ಹೇಳುತ್ತೇನೆ. ಬಲಗೈ ಹೆಬ್ಬೆರಳಿನಿಂದ ಎಡಗೈ ಕಿರುಬೆರಳಿನವರೆಗೆ ಹತ್ತು ಬೆರಳುಗಳನ್ನು ಎರಡೆರಡರಂತೆ ಐದು ಜೋಡಿ ಮಾಡಿ, ಕ್ರಮವಾಗಿ 16, 8, 4, 2, 1 ಎಂದು ಬೆಲೆ ಕಟ್ಟಬೇಕು. ಸುಳಿಯಿರುವ ಬೆರಳಿಗೆ ಮಾತ್ರ ಆ ಬೆಲೆ, ಇಲ್ಲದ್ದಕ್ಕೆ ಸೊನ್ನೆ. ಸಮಸಂಖ್ಯೆಯ ಬೆರಳುಗಳ ಮೊತ್ತಕ್ಕೆ ಒಂದು ಕೂಡಿಸಿದರೆ ಅಂಶ, ಬೆಸಸಂಖ್ಯೆಯವುಗಳ ಮೊತ್ತಕ್ಕೆ ಒಂದು ಕೂಡಿಸಿದರೆ ಛೇದ. ಬಲ ಹೆಬ್ಬೆರಳು ಮತ್ತು ಎಡ ನಡುಬೆರಳಿನಲ್ಲಷ್ಟೇ ಸುಳಿಯಿದ್ದವನ ಸಂಖ್ಯೆ 3/17. ಹೀಗೆ 32ನ್ನು 32ರಿಂದ ಗುಣಿಸಿದಷ್ಟು, ಅಂದರೆ 1024 ಗೂಡುಗಳು! ಹುಡುಕಬೇಕಾದದ್ದು ಒಂದೇ ಗೂಡಿನಲ್ಲಿ. 1897ರಲ್ಲಿ ಸರ್ಕಾರ ಇದನ್ನು ಒಪ್ಪಿತು. ಜಗತ್ತಿನ ಪ್ರಥಮ ಬೆರಳಚ್ಚು ಕಾರ್ಯಾಲಯ ಕಲ್ಕತ್ತೆಯಲ್ಲಿ ಸ್ಥಾಪನೆಯಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಅದು ತಲುಪಿದ್ದು 1901ರಲ್ಲಿ.

ಪದ್ಧತಿಗೆ ನಿಂತ ಹೆಸರು ಮಾತ್ರ ‘ಹೆನ್ರಿ ಪದ್ಧತಿ’. ಹೆನ್ರಿ ಲಂಡನ್ನಿನ ಪೊಲೀಸ್ ಕಮಿಷನರ್ ಆದ. ಹಕ್ ಮತ್ತು ಬೋಸರಿಗೆ ಬಹಳ ವರ್ಷಗಳ ತರುವಾಯ ಖಾನ್ ಬಹದ್ದೂರ್, ರಾಯ್ ಬಹದ್ದೂರ್ ಬಿರುದುಗಳೂ ತಲಾ 5,000 ರೂಪಾಯಿಗಳ ಸಂಭಾವನೆಯೂ ದೊರೆತವು. ಹಕ್‌ನ ಪಾತ್ರ ಹಿರಿದೆಂದು ಹೆನ್ರಿ ಮುಂದೆ ಒಪ್ಪಿಕೊಂಡನಾದರೂ ಹೆಸರು ಬದಲಾಗಲಿಲ್ಲ. ಲೆಕ್ಕ ಬಿಡಿಸಿದವನೊಬ್ಬ, ಅಂಕ ಪಡೆದವನು ಮತ್ತೊಬ್ಬ.

ಇದೇ ಕಾಲದ ಮೊಕದ್ದಮೆಯೊಂದು ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿದೆ. ಜಲಪೈಗುರಿಯ ಚಹಾ ತೋಟದ ಮ್ಯಾನೇಜರನೊಬ್ಬ ಕೊಲೆಯಾದಾಗ, ಅಲ್ಲಿದ್ದ ಪಂಚಾಂಗದ ಮೇಲೆ ರಕ್ತದ ಬೆರಳಚ್ಚು ಸಿಕ್ಕಿತು. ಅದು ಕಂಗಾಲಿ ಚರಣ್ ಎಂಬ ಹಳೆಯ ಕೈದಿಯ ಮುದ್ರೆಗೆ ಹೊಂದಿತು. 1898ರಲ್ಲಿ ನ್ಯಾಯಾಲಯ ಅವನನ್ನು ಕಳ್ಳತನಕ್ಕೆ ಶಿಕ್ಷಿಸಿತು. ಕೊಲೆಯ ಆರೋಪದಿಂದ ಬಿಟ್ಟಿತು. ಬೆರಳು ಅಲ್ಲಿತ್ತೆಂಬುದು ಸಿದ್ಧವಾದ ಮಾತ್ರಕ್ಕೆ ಕತ್ತಿ ಹಿಡಿದವನೂ ಅವನೇ ಎಂದು ಸಿದ್ಧವಾಗದು. ಹೊಸ ವಿದ್ಯೆಯ ಬೆರಗಿನಲ್ಲಿಯೂ ನ್ಯಾಯಾಲಯ ತೋರಿದ ಈ ಸಂಯಮ ಸ್ಮರಣೀಯ.

ಆ ಸಂಯಮ ಎಲ್ಲೆಡೆ ಉಳಿಯಲಿಲ್ಲ. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ, ನೋಂದಾಯಿತ ಬುಡಕಟ್ಟಿನವರೆಂಬ ಕಾರಣಕ್ಕೇ ಜನರ ಬೆರಳಚ್ಚು ಪಡೆಯಬಹುದಾಗಿತ್ತು. 2004ರ ಮ್ಯಾಡ್ರಿಡ್ ಸ್ಫೋಟದ ತನಿಖೆಯಲ್ಲಿ ಅಮೆರಿಕೆಯ ಎಫ್.ಬಿ.ಐ. ಬೆರಳಚ್ಚನ್ನು ತಪ್ಪಾಗಿ ಹೊಂದಿಸಿ, ನಿರಪರಾಧಿ ವಕೀಲನೊಬ್ಬನನ್ನು ಬಂಧಿಸಿ, ಕಡೆಗೆ ಕ್ಷಮೆ ಕೇಳಬೇಕಾಯಿತು. ಗೆರೆಗಳು ಸುಳ್ಳು ಹೇಳಲಿಲ್ಲ; ಓದಿದವರು ತಪ್ಪಿದರು.

ಇಂದು 1024 ಗೂಡುಗಳ ಕೆಲಸವನ್ನು ಗಣಕಯಂತ್ರ ಮಾಡುತ್ತಿದೆ. 2022ರಲ್ಲಿ ರಾಷ್ಟ್ರವ್ಯಾಪಿ ಸ್ವಯಂಚಾಲಿತ ಬೆರಳಚ್ಚು ಭಂಡಾರ ನಮ್ಮ ಪೊಲೀಸರಿಗೆ ದೊರಕಿತು. ಅದೇ ವರ್ಷದ ಹೊಸ ಕಾಯಿದೆ 1920ರ ಹಳೆಯದನ್ನು ತೆರವು ಮಾಡಿ, ಕಣ್ಣಿನ ಪಾಪೆಯ ವಿವರವನ್ನೂ ಪಡೆಯುವ ಅಧಿಕಾರ ನೀಡಿತು. ಆಧಾರಿನಿಂದಾಗಿ ಪಂಡಿತ ಪಾಮರರೆಲ್ಲರೂ ಬೆರಳೊತ್ತಿದ್ದೇವೆ. ಇದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಎಂಬತ್ತು ದಾಟಿದ್ದ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಮೊಕದ್ದಮೆಯಲ್ಲಿಯೇ 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು.

ನಿಮ್ಮಲ್ಲಿ ಕೆಲವರು ಪೊಲೀಸ್ ಇಲಾಖೆಯಲ್ಲಿದ್ದೀರಿ, ಕೆಲವರು ಗಣಕ ತಂತ್ರಜ್ಞರಾಗಿದ್ದೀರಿ. ಯಂತ್ರ ಹೆಸರೊಂದನ್ನು ತೋರಿಸಿದಾಗ ಜಲಪೈಗುರಿಯ ಪಂಚಾಂಗವನ್ನು ನೆನೆಯಿರಿ. ಕೈಕೆಳಗಿನವನು ಲೆಕ್ಕ ಬಿಡಿಸಿ ತಂದಾಗ ಹಕ್ ಮತ್ತು ಬೋಸರನ್ನು ನೆನೆಯಿರಿ. ಈ ಮುದಿ ಮೇಷ್ಟ್ರು ಕೇಳುವ ಗುರುದಕ್ಷಿಣೆ ಇಷ್ಟೇ.